ರಕ್ತ ಒಣಗಿಸುವ ಸಾಲ

ತಾಂಗಾ
ಭಾನುವಾರ, ಸಂಜೆ

ಮರಿಯಮುವಿನ ಅಪ್ಪನಿಗೆ ತಾಟುವಿನ ಸಲಾಮು.

ಫೋನಿರುವಾಗ ಇವಳು ಪತ್ರ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡಿ. ಫೋನನ್ನು ನಿಮ್ಮ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ಅದು ಗುಂಯ್ ಅಂದರೆ ಸಾಕು, ಸಾಲದವರೇ ಅಂತ ಬೆಚ್ಚಿ ಹಿಡಿದದ್ದೆಲ್ಲ ಕೆಳಗೆ ಬಿಡುತ್ತೇನೆ. ಹಿಂದಿನ ತಿಂಗಳು ಮೀನು ಕರಿಯುವ ಬಾಣಲೆ ಮಗುವಿನ ಕಾಲ ಪಕ್ಕದಲ್ಲೇ ಬಿತ್ತು. ಅವತ್ತೇ ಕೊಟ್ಟುಬಿಟ್ಟೆ. ಈ ಪತ್ರವನ್ನು ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ದಾರ್ ಎಸ್ ಸಲಾಮಿಗೆ ತಂದು ನಿಮ್ಮ ಕೈಗೇ ಕೊಡುತ್ತಾನೆ.

ನಿಮ್ಮ ತಂಗಿಯ ಮೂಲಕ ನಿಮ್ಮ ಸುದ್ದಿ ಬಂತು. ಶುಕ್ರವಾರ ಮಂತ್ರವಾದಿಯನ್ನು ಕರೆತರುತ್ತೀರಂತೆ. ಡೋಲು ಬಡಿಸಿ, ಕರಿ ಮೇಕೆ ಕಡಿಸಿ, ನನಗೆ ಮೆಟ್ಟಿಕೊಂಡ ಜಿನ್ನನ್ನು ಬಿಡಿಸುತ್ತೀರಂತೆ. ಅದರ ಖರ್ಚಿಗೆ ಅಲ್ಲೇ ಇನ್ನೊಂದು ಸಾಲ ಎತ್ತಿದ್ದೀರಂತೆ. ಕೇಳಿ ನನಗೆ ನಗು ಬರಲಿಲ್ಲ, ವಾಕರಿಕೆ ಬಂತು. ಸಾಲದಿಂದ ಬಂದ ಕಾಯಿಲೆಗೆ ಸಾಲ ಮಾಡಿ ಮದ್ದು ಮಾಡಿಸುವ ನಿಮ್ಮ ಬುದ್ಧಿಗೆ ಏನನ್ನಬೇಕೋ ನನಗೆ ತಿಳಿಯದು.

ನನಗೆ ಯಾವ ಜಿನ್ನೂ ಹಿಡಿದಿಲ್ಲ ಕಣ್ರೀ. ಏನಾಗಿದೆ ಅಂತ ಹೇಳುತ್ತೇನೆ, ಒಂದು ಕಡೆ ಕೂತು ಓದಿ.

ಆ ಸಾಲವನ್ನು ಹೆಂಗಸರ ಗುಂಪಿಗೆ ಮಾತ್ರ ಕೊಡುತ್ತಾರೆ ಅಂತ ಗೊತ್ತಿದ್ದೇ ನೀವು ಬಾಡಿಗೆ ಓಡಿಸುವ ಮೋಟರ್‌ಸೈಕಲ್ ಕೊಳ್ಳಲು ನನ್ನ ಬೆನ್ನು ಹತ್ತಿದಿರಿ. "ನೀನು ಹೆಸರು ಕೊಟ್ರೆ ಸಾಕು ಕಣೇ, ಮೋಟರ್‌ಸೈಕಲ್ಲೇ ದುಡಿದು ತೀರಿಸುತ್ತೆ" ಅಂದಿರಿ. ಪೆಟ್ರೋಲಿನ ಬೆಲೆ ಏರಿತು, ಬಾಡಿಗೆಗೆ ಹತ್ತುತ್ತಿದ್ದವರು ನಡೆದೇ ಹೋಗತೊಡಗಿದರು. ಒಂದು ದಿನ ಗಾಡಿ ಮಾರಿ ನೀವು ದಾರ್ ಬಸ್ಸು ಹತ್ತಿದಿರಿ. ಈಗ ಕೇರಿಯವರೆಲ್ಲ ತಾಟು ಸಾಲ ತೆಗೆದು ಬಟ್ಟೆ ಚಿನ್ನ ಅಂತ ಉಡಾಯಿಸಿದಳು ಅನ್ನುತ್ತಾರೆ. ನಿಮ್ಮ ಅಮ್ಮ ಅಂಗಳದಲ್ಲಿ ನಿಂತು, "ನನ್ನ ಮಗ ಅಲ್ಲಿ ಹೊಟ್ಟೆ ಕಟ್ಟಿ ದುಡೀತಾನೆ, ಇವಳು ಇಲ್ಲಿ ತಿಂದು ತೇಗ್ತಾಳೆ" ಅಂತ ನಾಲ್ಕು ಮನೆಗೆ ಕೇಳುವ ಹಾಗೆ ಹೇಳುತ್ತಾರೆ. ನಾನು ಬಾಯಿ ಬಿಡಲಿಲ್ಲ. ನಿಮ್ಮ ಮೂರು ಕಾಸಿನ ಮರ್ಯಾದೆಯನ್ನು ಕಾಯುತ್ತಾ ಕೂತೆ.

ಮಂಗಳವಾರದ ಕೂಟ ಹೇಗಿರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಗುಂಪಿನ ಯಜಮಾನಿ ಬೀ ರುಕಿಯಾರ ಜಗಲಿಯಲ್ಲಿ ಚಾಪೆ ಹಾಸಿರುತ್ತದೆ. ಎಲ್ಲರ ಕಂತೂ ಸೇರುವವರೆಗೆ ಯಾರೂ ಏಳುವಂತಿಲ್ಲ. ಒಂದು ವಾರ ನನ್ನದೊಬ್ಬಳದು ಬರಲಿಲ್ಲ ಅಂತ ಎಲ್ಲರೂ ಕೂತರು. ಒಬ್ಬಳ ಬುಟ್ಟಿಯಲ್ಲಿ ಮಾರದ ಮೀನು ನಾರುತ್ತಿತ್ತು. ಹಸುಗೂಸನ್ನು ಮನೆಯಲ್ಲಿ ಬಿಟ್ಟು ಬಂದವಳ ಎದೆಹಾಲು ಸೋರಿ ಬಟ್ಟೆ ಒದ್ದೆಯಾಗಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಮುಂದಿನ ವಾರದಿಂದ ಚಾಪೆಯಲ್ಲಿ ನನ್ನ ಅಕ್ಕಪಕ್ಕ ಯಾರೂ ಕೂರಲಿಲ್ಲ.

ಹೋದ ಮಂಗಳವಾರ ಗುಂಪಿನ ಹೆಂಗಸರೇ ಮನೆಗೆ ಬಂದರು. ಕಂತು ತಪ್ಪಿದವಳ ಸಾಮಾನನ್ನು ಗುಂಪೇ ಹೊತ್ತುಕೊಂಡು ಹೋಗಬೇಕು, ಇಲ್ಲದಿದ್ದರೆ ಆ ಕಂತು ಅವರ ತಲೆಗೇ ಬರುತ್ತದೆ. ಒಲೆಯ ಮೇಲೆ ಮುದ್ದೆ ಬೇಯುತ್ತಿತ್ತು. ಬೀ ರುಕಿಯಾ ತಾವೇ ಅದನ್ನು ತಟ್ಟೆಗೆ ಬೋರಲು ಹಾಕಿದರು, ನೊಣ ಕೂರದಂತೆ ಇನ್ನೊಂದು ತಟ್ಟೆ ಮುಚ್ಚಿದರು, ಪಾತ್ರೆಯನ್ನು ತಾವು ಹೊದ್ದ ಬಟ್ಟೆಯ ತುದಿಯಿಂದ ಒರೆಸಿದರು. "ಬಿಸಿ ಇರೋವಾಗ್ಲೇ ತಿನ್ಕೋ ತಾಟು, ಮಗೂಗೂ ಕೊಡು" ಅಂದರು. ಆಮೇಲೆ ಪಾತ್ರೆ ಎತ್ತಿಕೊಂಡು ಹೋದರು. ಹಾಸಿಗೆ ಒಯ್ದವರು ಅದರ ಮೇಲಿದ್ದ ಹೊದಿಕೆಯನ್ನು ಮಡಿಸಿ ಇಟ್ಟು ಹೋದರು. ಬೈದಿದ್ದರೆ, ಹೊಡೆದಿದ್ದರೆ ನನಗೆ ಇಷ್ಟು ಅಸಹ್ಯ ಆಗುತ್ತಿರಲಿಲ್ಲ. ನನ್ನ ತಾಯಿ ತೀರಿಕೊಂಡಾಗ ಹೆಣಕ್ಕೆ ಸ್ನಾನ ಮಾಡಿಸಿದ್ದು ಇದೇ ಕೈಗಳು ಕಣ್ರೀ.

ಸಾಲದ ಕಚೇರಿಯ ಗುಮಾಸ್ತ ಗಾಡ್‌ಲಿವಿಂಗ್ ಮಾತ್ರ ಹೊಸಲು ದಾಟಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಮಾವಿನ ಮರದ ಕೆಳಗೆ ನಿಂತಿದ್ದ. ಇದು ನಿಮ್ಮ ಗುಂಪಿನ ಒಳಗಿನ ವಿಷಯ, ಕಚೇರಿಗೂ ಇದಕ್ಕೂ ಸಂಬಂಧವಿಲ್ಲ ಅಂದ. ಥೂ. ಉಗುಳಬೇಕು ಅನ್ನಿಸಿತು, ಬಾಯಿ ಒಣಗಿತ್ತು. ಈ ಸಾಲಕ್ಕೆ ರಕ್ತ ಒಣಗಿಸುವುದು ಅಂತ ಜನ ಸುಮ್ಮನೆ ಹೆಸರಿಟ್ಟಿಲ್ಲ.

ಅವತ್ತಿನಿಂದ ಅನ್ನದ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ. ನಿದ್ದೆ ಇಲ್ಲ. ಮೈಗೆ ಏನೋ ಮೆತ್ತಿಕೊಂಡಿದೆ ಅನ್ನಿಸಿ ಮತ್ತೆ ಮತ್ತೆ ಸ್ನಾನ ಮಾಡುತ್ತೇನೆ. ನಿಮ್ಮ ಅಮ್ಮ ಬಾಗಿಲಿಗೆ ಉಪ್ಪು ಚೆಲ್ಲಿ, ನನ್ನ ತೋಳಿಗೆ ತಾಯಿತ ಕಟ್ಟಿದರು. ಗುರುವಾರ ಮರಿಯಮುವಿಗೆ ಕೆಮ್ಮು ಅಂತ ದವಾಖಾನೆಗೆ ಹೋದೆ. ಅಲ್ಲಿಯ ನರ್ಸ್ ಎಫ್ರಾಸಿಯಾ ಮಗುವನ್ನು ನೋಡಿ ಮುಗಿಸಿ, ನನ್ನ ಮುಖ ನೋಡಿದರು. ನಿದ್ದೆ ಬರುತ್ತದಾ ಅಂತ ಕೇಳಿದರು. ಆಮೇಲೆ ಮೆಲ್ಲಗೆ, "ಯಾರಿಗಮ್ಮ ಕೊಡಬೇಕು ನೀನು?" ಅಂದರು. ನನಗೆ ಏನಾಗಿದೆ ಅಂತ ಎಲ್ಲರೂ ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ. ಆ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಇದೂ ಒಂದು ಕಾಯಿಲೆ, ವಾಸಿಯಾಗುತ್ತದೆ, ಇದೇ ಕಷ್ಟದಲ್ಲಿರುವ ಹೆಂಗಸರು ಇಲ್ಲಿಗೆ ದಿನಾ ಬರುತ್ತಾರೆ ಅಂದರು. ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಹೇಳಿ ಮಾತ್ರೆ ಕೊಡಿಸಿದ್ದಾರೆ. ಪ್ರತಿ ಗುರುವಾರ ಹೋಗಬೇಕು.

ಆದ್ದರಿಂದ ಮಂತ್ರವಾದಿ ಬೇಡ. ಆ ಹಣವನ್ನು ಮುಟ್ಟದೆ ವಾಪಸ್ ಕೊಟ್ಟುಬಿಡಿ. ಶುಕ್ರವಾರ ಅಲ್ಲ, ಮಂಗಳವಾರ ಬನ್ನಿ, ಒಬ್ಬರೇ ಬನ್ನಿ. ಬೀ ರುಕಿಯಾರ ಚಾಪೆಯ ಮೇಲೆ ಆ ಹೆಂಗಸರ ನಡುವೆ ಕೂತು, ನಿಮ್ಮ ಅಮ್ಮನ ಎದುರಿಗೆ, ಆ ಸಾಲದ ಹಣ ತೆಗೆದುಕೊಂಡವನು ನಾನೇ ಅಂತ ನಿಮ್ಮ ಬಾಯಿಂದ ಹೇಳಿ. ಆ ಚಾಪೆಯ ಮೇಲೆ ಇವತ್ತಿನವರೆಗೆ ಯಾವ ಗಂಡಸೂ ಕೂತಿಲ್ಲ. ನಾಚಿಕೆ ಆಗುತ್ತದೆ, ಆಗಲಿ. ಆಮೇಲೆ ಇಬ್ಬರೂ ಸೇರಿ ದುಡಿದು ತೀರಿಸೋಣ. ಡೋಲಿನವನ ಜೊತೆ ಬಂದರೆ ಮನೆ ಖಾಲಿ ಇರುತ್ತದೆ. ನಾನು ಮಗಳನ್ನು ಕರೆದುಕೊಂಡು ಪಂಗಾನಿಯಲ್ಲಿರುವ ಅಣ್ಣನ ಮನೆಗೆ ಹೋಗಿರುತ್ತೇನೆ.

ಮೈ ಹುಷಾರು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಸದ್ಯಕ್ಕಿನ್ನೂ ನಿಮ್ಮ ಹೆಂಡತಿಯಾಗಿರುವ,
ತಾಟು

ಮತ್ತೊಂದು ಮಾತು: ಇದನ್ನು ಮನೆಯವರಲ್ಲಿ ಒಬ್ಬರಿಗಾದರೂ ಹೇಳಲೇಬೇಕು ಅಂತ ನರ್ಸ್ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಪಾತ್ರೆ ಒಯ್ದ ಸಂಜೆ ನಾನು ಸಮುದ್ರಕ್ಕೆ ಇಳಿದಿದ್ದೆ, ಎದೆಮಟ್ಟದವರೆಗೆ. ದೋಣಿ ಕಟ್ಟುತ್ತಿದ್ದ ಮುದುಕನೊಬ್ಬ ಏನಮ್ಮಾ ಕಳೆದುಕೊಂಡೆ ಅಂತ ಕೂಗಿದ. ಚಪ್ಪಲಿ ಅಂದೆ. ಪಾಪ, ಅವನೂ ನೀರಿಗಿಳಿದು ಕತ್ತಲಾಗುವವರೆಗೆ ಹುಡುಕಿದ. ಅವನನ್ನು ಹಾಗೆ ಹುಡುಕಲು ಬಿಟ್ಟು ಮುಂದೆ ಹೋಗಲು ನಾಚಿಕೆಯಾಗಿ ದಡಕ್ಕೆ ಬಂದೆ. ಇದನ್ನು ಯಾರಿಗೆ ಹೇಳಲಿ ಅಂತ ಮೂರು ದಿನ ಯೋಚಿಸಿದೆ. ನಿಮ್ಮ ಮೇಲೆ ಇಷ್ಟೊಂದು ಹೇಸಿಗೆ ಇದ್ದರೂ ನಿಮ್ಮ ಹೆಸರೇ ಬಂತು.