ಏಳನೆಯ ಕುರ್ಚಿ

ಜನವರಿ ೨೬, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಲೆನೋರಾ,

ನೀನು ಹೆಣೆದು ಕಳಿಸಿದ ಕೈಗವಸು ಕ್ರಿಸ್‌ಮಸ್‌ಗೆ ಮುಂಚೆಯೇ ಬಂತು. ಬಂತು ಅಂತ ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ಆಮೇಲೆ ತೀರ್ಪು ಬಂತು, ನೀನು ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಕಾಗದ. ಹರಿದು ಹಾಕುವೆಯೋ ಏನೋ, ಆದರೆ ನಿನಗೆ ಕುತೂಹಲ ಜಾಸ್ತಿ, ಓದಿಯೇ ಹರಿಯುತ್ತೀ.

ನನ್ನ ಮಂಡಿ ಹಾಗೇ ಇದೆ. ಹಿಮ ಎತ್ತಿಹಾಕುವುದನ್ನು ಬಿಟ್ಟಿದ್ದೇನೆ, ಪಕ್ಕದ ಮನೆಯವರ ಯಂತ್ರ ನಮ್ಮ ಬಾಗಿಲಿಗೂ ಬರುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿ ಕಪ್ಪು ನಿಲುವಂಗಿ ಹಾಕಿಕೊಳ್ಳುವ ಹೊತ್ತಿಗೇ ಆ ದಿನದ ಶಕ್ತಿಯೆಲ್ಲ ಮುಗಿದುಹೋಗಿರುತ್ತದೆ.

ಕೊನೆಯ ಸಲ ಫೋನಿನಲ್ಲಿ ನೀನು ಅಂದೆ, "ನಿನ್ನ ನ್ಯಾಯ ನೀನೇ ಇಟ್ಕೋ ಆರಿನ್, ನನಗೆ ನನ್ನ ಮಗ ಬೇಕು." ನಡೆದದ್ದನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ನನಗೂ ಒಮ್ಮೆ ಸಾಲಾಗಿ ನೋಡಬೇಕಾಗಿದೆ.

ಇಪ್ಪತ್ತೊಂದು ತುಂಬುವ ಮುಂಚೆ ಸಾಯುವ ತನಕ ಜೈಲು ಅಂತ ಶಿಕ್ಷೆಯಾದವರಿಗೆ ಪೆರೋಲ್ ಮೇಲೆ ಬಿಡುಗಡೆ ಕೇಳುವ ಅವಕಾಶ ಕೊಡುವ ಕಾಯ್ದೆಯನ್ನು ಶಾಸನಸಭೆ ಕಳೆದ ವಸಂತದಲ್ಲಿ ಪಾಸು ಮಾಡಿತು. ನಮ್ಮ ಕ್ಲೇಗೆಂದೇ ಮಾಡಿದ ಹಾಗಿತ್ತು. ಆಗ ಹತ್ತೊಂಬತ್ತರ ಹುಡುಗ, ಒಳಗೆ ಅವನ ಗೆಳೆಯರು ಅಂಗಡಿಯವನನ್ನು ಕೊಂದಾಗ ಇವನು ಹೊರಗೆ ಕಾರಿನಲ್ಲಿ ಕೂತಿದ್ದ, ಆದರೂ ಇವನಿಗೂ ಅದೇ ಶಿಕ್ಷೆ. ನೀನು ಅಂದು ಫೋನಿನಲ್ಲಿ ಅತ್ತದ್ದು ಸಂತೋಷಕ್ಕೆ. ನಾನೂ ಅತ್ತೆ, ನಿನಗೆ ಹೇಳಲಿಲ್ಲ.

ಆದರೆ ಆ ಸಭೆಯವರ ಹಳೇ ಚಾಳಿ ನಿನಗೆ ಗೊತ್ತಲ್ಲ. ಅಧಿವೇಶನ ಕೊನೆಯ ದಿನ ನಡುಮಧ್ಯಾಹ್ನಕ್ಕೆ ಮುಗಿಯಲೇಬೇಕೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಕೆಲಸ ಉಳಿದರೆ ಯಾರೋ ಏಣಿ ಹತ್ತಿ ಗಡಿಯಾರಕ್ಕೆ ತಮ್ಮ ಕೋಟು ಹೊದಿಸುತ್ತಾರೆ. ಮುಳ್ಳು ಕಾಣದಿದ್ದರೆ ಮಧ್ಯಾಹ್ನವಾಗಿಲ್ಲ ಅಂತ ಲೆಕ್ಕ. ನಮ್ಮ ಅಪ್ಪನ ಕಾಲದಿಂದಲೂ ನಗುತ್ತಾ ನಡೆಸಿಕೊಂಡು ಬಂದದ್ದು. ಈ ಸಲ ಕೋಟಿನ ಅಡಿಯಲ್ಲಿ ಪಾಸಾದದ್ದು ಕ್ಲೇಯ ಕಾಯ್ದೆ. ಸರಕಾರಿ ವಕೀಲರೊಬ್ಬರು ಅದನ್ನೇ ಹಿಡಿದರು. ಕೆಳಗಿನ ಕೋರ್ಟು ಕಾಯ್ದೆ ಊರ್ಜಿತವಲ್ಲ ಅಂದಿತು. ಮೇಲ್ಮನವಿ ರಾಜ್ಯದ ಅತಿ ದೊಡ್ಡ ಕೋರ್ಟಿಗೆ, ನಾವು ಏಳು ನ್ಯಾಯಮೂರ್ತಿಗಳ ಮುಂದೆ ಬಂತು.

ಮುಖ್ಯ ನ್ಯಾಯಮೂರ್ತಿ ಬರ್ನಿಸ್ ನನ್ನ ಕೋಣೆಗೇ ಬಂದರು. "ಆರಿನ್, ಇದು ನಿನ್ನ ಮನೆ ವಿಷಯ. ನೀನು ಈ ಕೇಸಲ್ಲಿ ಕೂರೋ ಹಾಗಿಲ್ಲ. ಹೋಗು, ಕಾಫಿ ಕುಡಿ." ಹೋದೆ. ಸೋದರಳಿಯನ ಬಿಡುಗಡೆಯ ಪ್ರಶ್ನೆಗೆ ಸೋದರಮಾವ ತೀರ್ಪು ಹೇಳಬಾರದು, ಅಷ್ಟೇ. ಏಳು ಕುರ್ಚಿಗಳಲ್ಲಿ ಒಂದು ಖಾಲಿಯಾಯಿತು, ಉಳಿದ ಆರು ಜನ ಮೂರು ಮೂರು ಒಡೆದರು. ಹಾಗೆ ಒಡೆದಾಗ ಕೆಳಗಿನ ಕೋರ್ಟು ಹೇಳಿದ್ದೇ ಉಳಿಯುತ್ತದೆ. ಕಾಯ್ದೆ ಬಿತ್ತು. ನಾನು ಎದ್ದು ಹೋಗಿದ್ದರಿಂದಲೇ ಬಿತ್ತು ಅಂತ ನೀನು ಅಂದುಕೊಂಡಿದ್ದೀ. ತಪ್ಪು ಅನ್ನಲಾರೆ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಹೋದ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾನ್‌ಕೇಕ್ ಊಟ. ಲೈಲ್ ಡಚರ್ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಕಾನೂನು ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವನು, ಈಗ ಗವರ್ನರ್‌ರ ಬಲಗೈ.

"ಗವರ್ನರ್ ಕ್ಷಮಾದಾನದ ಅರ್ಜಿಗಳನ್ನ ನೋಡ್ತಾ ಇದಾರೆ," ಅಂದ. "ಕ್ಲೇದು ಮೇಲುಗಡೇನೇ ಇದೆ. ಒಳ್ಳೇ ಹುಡುಗ ಪಾಪ. ಅದಿರ್ಲಿ, ನೀನು ಇನ್ನೂ ಎಷ್ಟು ದಿನ ಮಾರಾಯ ಆ ನಿಲುವಂಗಿ ಹೊರೋದು? ಕೆರೆ ಹೆಪ್ಪುಗಟ್ಟಿದೆ, ಮೀನು ಕಾಯ್ತಾ ಇವೆ."

"ಯಾವುದಕ್ಕೆ ಯಾವುದು ಬೆಲೆ ಅಂತ ನೇರವಾಗಿ ಹೇಳ್ಬಿಡು ಲೈಲ್."

"ನಾನು ಬೆಲೆ ಹೇಳಿದ್ನಾ? ಆ ಸಿರಪ್ ಈ ಕಡೆ ತಳ್ಳು."

ಶಾಸನಸಭೆ ಪಾಸು ಮಾಡಿದ ಕಾಯ್ದೆಯಿಂದ ತನಗೆ ಬೇಡದ ಪದಗಳನ್ನು ಹೊಡೆದುಹಾಕಿ, ಉಳಿದದ್ದಕ್ಕೆ ಸಹಿ ಹಾಕುವ ಅಧಿಕಾರ ತನಗಿದೆ ಅನ್ನುವುದು ಗವರ್ನರ್‌ರ ವಾದ. ಅದು ಒಪ್ಪಿಗೆಯಾದರೆ ಸಭೆ ಏನೇ ಬರೆಯಲಿ, ಕೊನೆಗೆ ಉಳಿಯುವುದು ಅವರು ಬಿಟ್ಟಷ್ಟೇ. ಆ ಕೇಸು ನಾಳೆ ನಮ್ಮ ಮುಂದೆ ಬರುತ್ತದೆ. ಉಳಿದ ಆರು ಜನ ಇದರಲ್ಲೂ ಮೂರು ಮೂರು ಅನ್ನುವುದು ಊರಿಗೇ ಗೊತ್ತು. ನಾನು ಗವರ್ನರ್‌ರ ವಿರುದ್ಧ ವಾಲುತ್ತೇನೆಂದು ನನ್ನ ಹಳೆಯ ತೀರ್ಪುಗಳನ್ನು ಓದಿದವರಿಗೆ ಗೊತ್ತು. ನಾನು ನಿವೃತ್ತಿ ತೆಗೆದುಕೊಂಡರೆ ನನ್ನ ಜಾಗಕ್ಕೆ ನ್ಯಾಯಾಧೀಶರನ್ನು ನೇಮಿಸುವವರು ಗವರ್ನರೇ. ಲೈಲ್ ಅಂದದ್ದನ್ನು ಬರ್ನಿಸ್‌ಗೆ ಹೇಳಿದೆ. ದೂರು ಕೊಡು ಅಂದರು. ಏನಂತ ಕೊಡಲಿ, ಮೀನು ಹಿಡಿಯಲು ಕರೆದ ಅಂತಲೇ?

ಲೆನೋರಾ, ನನಗೆ ಸುಸ್ತಾಗಿದೆ. ಸಭೆ, ಗವರ್ನರ್, ಕೋರ್ಟು, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದಿರಬೇಕು, ಆಗಲೇ ಯಾರೂ ದೊರೆಯಾಗುವುದಿಲ್ಲ ಅಂತ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ನಾನೂ ಎಷ್ಟೋ ಶಾಲೆಗೆ ಹೋಗಿ ಹಾಗೇ ಭಾಷಣ ಮಾಡಿದ್ದೇನೆ. ಆ ಹಿಡಿತದೊಳಗೆ ಸಿಕ್ಕಿದವನ ಹೆಸರು ಕ್ಲೇ ಆಗಿರುತ್ತದೆ ಅಂತ ಯಾರೂ ಹೇಳಿಕೊಡಲಿಲ್ಲ.

ನಿನ್ನ ಮೊಮ್ಮಗಳು ಪೈಪರ್‌ಗೆ ನನ್ನ ಮುತ್ತು. ಅವಳ ಕೆಮ್ಮು ಬೇಗ ವಾಸಿಯಾಗಲಿ, ನಿನ್ನ ಬಿ.ಪಿ. ಹತೋಟಿಯಲ್ಲಿರಲಿ. ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಣ್ಣ,
ಆರಿನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಜೈಲಿಗೆ ಹೋಗಿದ್ದೆ. ಲೈಲ್‌ನ ಕಡೆಯವರು ನನಗಿಂತ ಮುಂಚೆಯೇ ಹೋಗಿಬಂದಿದ್ದರು, ಕ್ಲೇಗೆ ಎಲ್ಲ ಗೊತ್ತಿತ್ತು. ಕೂದಲು ನೆರೆಯುತ್ತಿದೆ ಅವನಿಗೆ. ಜಗಳವಾಡಲಿಲ್ಲ, ಅಳಲಿಲ್ಲ. ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅಂದ, "ಮಾವ, ನೀನು ತಪ್ಪು ಕೆಲ್ಸ ಮಾಡು ಅಂತ ನಾನು ಕೇಳ್ತಾ ಇಲ್ಲ. ವಯಸ್ಸಾದೋರು ಎಲ್ರೂ ರಿಟೈರ್ ಆಗ್ತಾರೆ. ನೀನು ಮನೆಗೆ ಹೋದ್ರೆ ಸಾಕು, ನಾನೂ ಮನೆಗೆ ಬರ್ತೀನಿ." ಹೊತ್ತಾಯಿತು ಎಂದು ಕಾವಲುಗಾರ ಹೇಳುವ ತನಕ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾಳೆ ಬೆಳಿಗ್ಗೆ ನಾನು ಕೋರ್ಟಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂರುತ್ತೇನೆ. ಇದನ್ನು ನೀನು ಅವನ ಬಾಯಲ್ಲಿ ಕೇಳುವ ಮೊದಲು ನಾನೇ ಹೇಳಬೇಕಿತ್ತು.