ಬೀಗರ ಹಾಡಿನ ಮುಚ್ಚಳಿಕೆ

ಮಾರ್ಚ್ 6, 2025
ಬ್ಲೌಸು ನಾಕು ಕಟ್ ಮಾಡಿದೆ. ಹಸಿರು ದಾರ ಮುಗೀತು, ತರಾಕೆ ಬಿಳಿಚೋಡಿಗೆ ಹೋಗ್ಬೇಕು.

ಅವ್ವಂಗೆ ಚಾ ಕುಡಿಸಿ ಫೋನ್ ಹಚ್ಚಿಟ್ಟೆ. ದಿನಾ ಇದೇ. ತನ್ನ ಹಾಡು ತಾನೇ ಕೇಳ್ತಾಳೆ. ಲಕ್ವಾ ಹೊಡೆದು ಮಾತು ನಿಂತು ಒಂದೂವರೆ ವರ್ಷ ಆಯ್ತು. ಅವ್ವನ ಹಾಡಿಗಂತ ನೆಟ್ಟಲ್ಲಿ ಮಾಡಿದ ಪೇಜಲ್ಲಿ ನೂರಾ ನಲವತ್ತೆರಡು ಹಾಡು, ಎಲ್ಲ ನಾನೇ ವಿಡಿಯೋ ಮಾಡಿ ಹಾಕಿದ್ದು. ಫೋನ್ ತುಂಬಿ ಹ್ಯಾಂಗ್ ಆಗ್ತಿತ್ತು ಅಂತ ಹಾಕಿದ ಮೇಲೆ ಒಂದೊಂದೇ ಅಳಿಸಿದೆ. ಪೇಜಲ್ಲಿ ಐತಲ್ಲ, ಎಲ್ಲಿ ಹೋಗ್ತಾವೆ.

ಹಾಕದೆ ಉಳಿದಿರೋದು ಒಂದೇ. ಕಲ್ಪನಾ ಮದ್ವೇದು.

ಮಾರ್ಚ್ 9
ಇವತ್ತೂ ನೀರಿನ ಘಟಕದ ಮುಂದೆ ಕೊಡ ಹಿಡಿದು ನಿಂತು, ಖಾಲಿ ಕೊಡ ತಂದೆ. ಟೇಪ್ ಕತ್ತರಿಸಿ ಉದ್ಘಾಟನೆ ಮಾಡಿ ಎರಡು ವರ್ಷ! ಸಿಟ್ಟು ನೆತ್ತಿಗೇರ್ತು. ಆ ಹಾಡು ಹಾಕೇಬಿಟ್ಟೆ, ಎಂದಿನಂಗೆ ಫೋನಿಂದ ಅಳಿಸಿದೆ.

ಕಲ್ಪನಾ ನನ್ನ ಚಿಕ್ಕಪ್ಪನ ಮಗಳು. ಗಂಡಿನ ಸೋದರಮಾವ ಓಂಕಾರ್, ಘಟಕ ಕಟ್ಟಿದ ಕಂಟ್ರಾಕ್ಟರು. ಬೀಗರ ಪಂಕ್ತಿಯಲ್ಲಿ ಅವನು ಊಟಕ್ಕೆ ಕೂತಾಗ ಅವ್ವ ಎತ್ತಿದ್ದಳು —

ಬಿಳಿ ಅಂಗಿ ಬೀಗಣ್ಣ ನೀರಿನ ಮನೆ ಕಟ್ಟ್ಯಾನ
ನಲ್ಲಿಗೆ ಹೂವಿನ ಹಾರ ಹಾಕ್ಯಾನ — ಓಂಕಾರಣ್ಣ
ಹನಿ ನೀರ ಎಲ್ಲಿ ಬಚ್ಚಿಟ್ಟಾನ?

ಬೀಗರನ್ನ ಬೈಯೋ ಹಾಡಿಗೆ ಯಾರು ಸಿಟ್ಟಾಗ್ತಾರೆ? ಅವನೇ ಬಿದ್ದು ಬಿದ್ದು ನಕ್ಕ. ಅವ್ವನ ಮಡಿಲಿಗೆ ತೆಂಗಿನಕಾಯಿ, ಜಂಪರ್ ಪೀಸು ಹಾಕಿ, "ಇನ್ನೊಂದು ಬೈಯವ್ವ" ಅಂದ.

ಕೆಳಗೆ ನಾನು ಬರೆದಿದ್ದು ಇಷ್ಟೇ: 'ಇವತ್ತಿಗೂ ಹನಿ ಇಲ್ಲ.'

ಮಾರ್ಚ್ 11
ನಲವತ್ತು ಸಾವಿರ ಜನ ನೋಡ್ಯಾರೆ! ಹೊನ್ನಾಳಿ, ನ್ಯಾಮತಿ ಕಡೆಯಿಂದೆಲ್ಲ ಕಾಮೆಂಟು. "ನಮ್ಮೂರ ಘಟಕಕ್ಕೂ ಒಂದು ಹಾಡು ಕಟ್ರಿ ಅಮ್ಮಾ" ಅಂತ ಒಬ್ಬಾಕೆ. ಅವ್ವಂಗೆ ಓದಿ ಹೇಳಿದೆ. ಅರ್ಧ ಬಾಯಲ್ಲೇ ನಕ್ಕಳು.

ಮಾರ್ಚ್ 15, ಸಂಜೆ
ಸ್ಟೇಷನ್ನಿಗೆ ಹೋಗಿಬಂದೆ. ಪಕ್ಕದ್ಮನೆ ವೆಂಕಟೇಶಣ್ಣ ಬೈಕಲ್ಲಿ ಕರ್ಕೊಂಡು ಹೋದ. ಓಂಕಾರ್ ಕಂಪ್ಲೇಂಟ್ ಕೊಟ್ಟಾನೆ — ಮಾನ ಹೋಯ್ತಂತೆ.

ಪೇದೆ ತಿಪ್ಪೇರುದ್ರಸ್ವಾಮಿ ಹಾಳೆ ನೋಡಿಕೊಂಡು ಹಾಡನ್ನ ರೇಷನ್ ಲಿಸ್ಟ್ ಥರ ಓದಿದ. ನಗು ಬಂತು. ಆಮೇಲೆ ಅಳು ಬಂತು.

"ಸಾರ್, ಬೀಗರ ಹಾಡು ಇದು. ಚಪ್ಪರದಾಗೆ ಅವ್ರೇ ನಕ್ಕಿದ್ರು."
"ಚಪ್ಪರದಾಗೆ ನೂರು ಜನ ಕೇಳ್ತಾರಮ್ಮ. ಇದನ್ನ ಊರೂರೇ ಕೇಳೈತೆ. ಹಾಡಿದೋರನ್ನೂ ಕರ್ಕೊಂಡು ಬರ್ರಿ."
"ಅವ್ಳಿಗೆ ಮಾತಿಲ್ಲ ಸಾರ್."
ಅದನ್ನೂ ಬರ್ಕೊಂಡ.

ಮಾರ್ಚ್ 16
ಪೇಜಿಲ್ಲ. 'ಈ ಪುಟ ಭಾರತದಲ್ಲಿ ಲಭ್ಯವಿಲ್ಲ.' ಒಂದು ಹಾಡಲ್ಲ — ಅಷ್ಟೂ! ಸೋಬಾನೆ, ಬೀಸೋ ಪದ, ಲಾಲಿ…

ಅವ್ವ ಎಡಗೈಲಿ ಫೋನ್ ತೋರಿಸಿದಳು. ನೆಟ್‌ವರ್ಕ್ ಇಲ್ಲವ್ವ ಅಂದೆ. ನಂಬಿದಳು.

ಮಾರ್ಚ್ 22
ಮುಚ್ಚಳಿಕೆ ಬರೆದುಕೊಟ್ಟೆ. ಅವರು ಹೇಳಿದ್ದನ್ನೇ. 'ದುರ್ಗಾಂಬಿಕಾ ಆದ ನಾನು ತಿಳಿಯದೆ ತಪ್ಪು ಮಾಡಿದ್ದು, ಇನ್ನು ಮುಂದೆ ಯಾವುದೇ ಹಾಡು, ವಿಡಿಯೋ ಹಾಕುವುದಿಲ್ಲ…' ತಿಳಿಯದೆ ಅಂತೆ. ತಿಳಿದೇ ಹಾಕಿದ್ದು! ಆದ್ರೂ ಸೈನ್ ಹಾಕಿದೆ. ಪೇಜು ಬಂದ್ರೆ ಸಾಕಿತ್ತು.

ಓಂಕಾರ್ ಕಂಪ್ಲೇಂಟ್ ವಾಪಸ್ ತಗೊಂಡ. "ಅಕ್ಕ, ಒಂದು ಹಾಡು ತೆಗಿಸ್ರಿ ಅಂದಿದ್ದೆ ಕಣಕ್ಕ. ಪೂರ್ತಿ ತೆಗಿರಿ ಅಂತ ನಾನೆಲ್ಲಿ ಅಂದೆ?" ಮುಖ ಸಣ್ಣಗಾಗಿತ್ತು. ಬೈಯಾಕೂ ಆಗಲಿಲ್ಲ.

"ಪೇಜು ಯಾವಾಗ ಬರ್ತೈತೆ ಸಾರ್?"
"ಅದು ಕಂಪನೀದು. ನಮ್ಮ ಕೈಯಾಗಿಲ್ಲ."

ಕಂಪನಿಗೆ ಮೇಲ್ ಹಾಕಿದೆ. ಸರ್ಕಾರದ ಕಡೆಯಿಂದ ಬಂದ ಕೋರಿಕೆ, ಅವರನ್ನೇ ಕೇಳಿ ಅಂತ ಉತ್ತರ. ಮೆಶೀನ್ ಉತ್ತರ.

ಸ್ಟೇಷನ್ ಫೈಲಲ್ಲಿರೋ ಹಾಡಿನ ಹಾಳೆ ಆದ್ರೂ ಜೆರಾಕ್ಸ್ ಕೊಡ್ರಿ ಅಂತ ಪೇದೆಗೆ ಅಂದೆ. ಕೊಡಾಕೆ ಬರಲ್ವಂತೆ. ಅವ್ವನ ಒಂದು ಹಾಡು ಅಲ್ಲಾದ್ರೂ ಐತೆ, ಬೀರುವಿನಲ್ಲಿ.

ಏಪ್ರಿಲ್ 19
ಹನ್ನೊಂದು ಮೇಲ್ ಆಯ್ತು. ನೆಂಟರನ್ನೆಲ್ಲ ಕೇಳಿದೆ. ಯಾರ ಹತ್ರಾನೂ ಹಾಡಿಲ್ಲ, ಲಿಂಕ್ ಐತೆ. ಒತ್ತಿದ್ರೆ ಅದೇ — ಲಭ್ಯವಿಲ್ಲ. ಕಲ್ಪನಾ ಫೋನೇ ಎತ್ತಲ್ಲ, ಗಂಡನ ಮನೆಯೋರ ಭಯ. ನನ್ನ ಕೈಯಾರೆ ಅಳಿಸಿದೆನಲ್ಲ.

ಅವ್ವ ಈಗ ಫೋನ್ ಕೇಳೋದೇ ಬಿಟ್ಟಾಳೆ. ಚಾ ಕುಡಿದು ಗೋಡೆ ಕಡೆ ತಿರುಗ್ತಾಳೆ.

ಏಪ್ರಿಲ್ 20, ಬೆಳಗ್ಗೆ
ನೆನಪಿದ್ದಷ್ಟು ಬರೆದಿಡಾನ ಅಂತ ಕೂತೆ. ಬರೆಯೋದಕ್ಕೆ ಯಾರ ಕಂಪ್ಲೇಂಟೂ ಇಲ್ಲವಲ್ಲ. ಮೊದಲು ಬೀಸೋ ಪದ, ನನ್ನ ಹೆಸರಿರೋದು. ಅವ್ವನ ಪದ ಎಲ್ಲ ಮೂರೇ ಸಾಲು, ಏನು ಮಹಾ ಅಂದ್ಕೊಂಡೆ.

ಬೀಸೋ ಕಲ್ಲೇ ಮೆಲ್ಲಗೆ, ಕೂಸು ಮಲಗೈತೆ ಒಳಗೆ
ಎದ್ದರೆ ತೂಗಾಕೆ ಯಾರವ್ರೆ — ದುರುಗವ್ವ

ಮೂರನೇದು ಬರ್ತಿಲ್ಲ. ನೂರು ಸಲ ಕೇಳೀನಿ. ಹೇಳವ್ವ ಅಂತ ಪಕ್ಕದಲ್ಲಿ ಕೂತೆ. ತುಟಿ ಅಲ್ಲಾಡಿಸಿ ಗುನುಗ್ತಾವಳೆ. ರಾಗ ಸರಿ ಐತೆ, ಮಾತು… ಇನ್ನೊಂದು ಸಲ ಹೇಳವ್ವ, ಬರ್ಕೋತೀನಿ —