ಹೊಳೆದಂಡೆಯ ಗಡಿಕಲ್ಲು ಎರಡು ಹೆಜ್ಜೆ ಸರಿದದ್ದು

ಇವಳೇ,

ನೀನು ಹೋದ ಮೇಲೆ ಇಂಥದ್ದನ್ನೆಲ್ಲ ಯಾರಿಗೆ ಹೇಳಲಿ? ಹೊಳೆದಂಡೆಯ ನಮ್ಮ ಗಡಿಕಲ್ಲು ನೋಡಲು ಇವತ್ತು ಸರ್ವೆಯವರು ಬಂದಿದ್ದರು. ಅದರ ಚರಿತ್ರೆ ಹೇಳಿ ಎಂದರು. ಕೇಳಬೇಕೆ? ಕಾಲೇಜಿನ ಇಂಗ್ಲಿಷನ್ನು ಕೊಡವಿ, "ಸರ್, ದಿಸ್ ಸ್ಟೋನ್ ಈಸ್ ಸ್ಟ್ಯಾಂಡಿಂಗ್ ಸಿನ್ಸ್ ಮೈ ಗ್ರ್ಯಾಂಡ್‌ಫಾದರ್" ಎಂದೆ. ಮುಂದಿನ ವಾಕ್ಯ ನೆನಪಾಗುವಷ್ಟರಲ್ಲಿ ದೋಣಿಯವನು ಬಾಯಿ ಹಾಕಿದ.

"ದೊಡ್ಡ ನೆರೆ ಬಂದಾಗ ಬಿದ್ದುಹೋಗಿತ್ತಲ್ಲ ಯಜಮಾನ್ರೇ! ನಿಮ್ಮನೆ ಅಕ್ಕನೂ ನಾನೂ ಸೇರಿ ನಿಲ್ಲಿಸಿದ್ವಿ. ನನಗೆ ದೋಣಿ ಕಟ್ಟೋಕೆ ಜಾಗ ಇರ್ಲಿ ಅಂತ ಅಕ್ಕನೇ ಎರಡು ಹೆಜ್ಜೆ ನಿಮ್ಮ ಕಡೆಗೆ ಸರಿಸಿದ್ರು. ಅವರ ಬೆರಳು ಜಜ್ಜಿಹೋಗಿ, ನಾನೇ ಟವೆಲ್ ಹರಿದು ಕಟ್ಟಿದ್ದೆ. ನಿಮಗೆ ಹೇಳಿರ್ಬೇಕಲ್ಲ?"

ನನಗೆ ನೀನು ಹೇಳಿದ್ದು, ಬೆರಳು ಬಾಗಿಲಿಗೆ ಸಿಕ್ಕಿತು ಅಂತ. ಹೊಟ್ಟೆ ಉರಿದುಹೋಯಿತು ಕಣೇ. ಅವನ ಹತ್ತಿರ ಹನ್ನೆರಡು ವರ್ಷದಿಂದ ನಿನ್ನದೊಂದು ಗುಟ್ಟಿತ್ತು. ನನ್ನ ಹತ್ತಿರ ಏನಿದೆ?

"ನಿಮಗೆ ಗೊತ್ತಿಲ್ಲದೆ ಸರಿಸಿದ್ರೆ ಕಲ್ಲು ಹಳೇ ಜಾಗಕ್ಕೇ ಹೋಗುತ್ತೆ," ಎಂದರು ಸರ್ವೆಯವರು. "ಗೊತ್ತಿತ್ತು ಅಂದ್ರೆ ಆ ನೆಲ ದೋಣಿಕಟ್ಟೆಗೆ ಸೇರುತ್ತೆ. ಹೇಳಿ, ಗೊತ್ತಿತ್ತಾ?"

ದೋಣಿಯವನು ನನ್ನ ಮುಖವನ್ನೇ ನೋಡುತ್ತಿದ್ದ.

"ಗೊತ್ತಿಲ್ದೆ ಏನು? ಅವತ್ತೇ ಹೇಳಿದ್ಲು" ಎಂದು ಸಹಿ ಹಾಕಿಬಿಟ್ಟೆ. ನೆಲ ಹೋದರೆ ಹೋಗಲಿ. ನೀನು ನನಗೆ ಹೇಳದೇ ಇದ್ದದ್ದು ಅವನಿಗೆ ಗೊತ್ತಿತ್ತೆಂದು ಅವನೆದುರೇ ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ.

ಹೇಳಿದ್ದರೆ ಕೂಗಾಡುತ್ತಿದ್ದೆ, ನಿಜ. ಸಂಜೆಯವರೆಗೆ ಕೂಗಾಡಿ, ಆಮೇಲೆ ನಾನೇ ಬಂದು ಕಲ್ಲಿನ ಇನ್ನೊಂದು ತುದಿ ಹಿಡಿಯುತ್ತಿದ್ದೆ ಕಣೇ.